ಕೆಮ್ಮಬಾರದೆಂಬ ಕಟ್ಟಳೆ

ಪಿತ್ತಕೋಶದ ಕಲ್ಲಿಗಾಗಿ ನನಗೆ ಆಪರೇಷನ್ ಆದಾಗ ನಾವು ವಡೋದರಾದ ಗೋರ್ವಾದಲ್ಲಿದ್ದೆವು. ನಮ್ಮವರಿಗೆ ಬ್ಯಾಂಕಿನ ವರ್ಗಾವಣೆ. ಸಣ್ಣ ತೂತುಗಳಲ್ಲಿ ಮುಗಿಯಬೇಕಾಗಿದ್ದದ್ದು ಮುಗಿಯದೆ ಡಾಕ್ಟರು ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯಬೇಕಾಯಿತು. ನನ್ನನ್ನು ನೋಡಿಕೊಳ್ಳಲು ಧಾರವಾಡದ ಕಡೆಯಿಂದ ಅತ್ತೆ ಬಂದರು. ಅತ್ತೆಯ ಲೆಕ್ಕದಲ್ಲಿ ಹೊಟ್ಟೆ ಕೊಯ್ದ ಹೆಂಗಸು ಎಂದರೆ ಬಾಣಂತಿ. ಕೂಸು ಇದೆಯೋ ಇಲ್ಲವೋ ಎನ್ನುವುದು ಆಮೇಲಿನ ಮಾತು.

ಹಾಗಾಗಿ ಬಾಣಂತಿಗೆ ಏನೇನು ಮಾಡುತ್ತಾರೋ ಅದೆಲ್ಲ ನನಗೂ ಆಯಿತು. ಕಿವಿಗೆ ಹತ್ತಿ ಬಂತು, ತಲೆಗೆ ಬಟ್ಟೆ ಬಂತು. ನರ್ಸು ಅತ್ತ ಹೋಗುವುದನ್ನೇ ಕಾದಿದ್ದು, ಹಳೆಯ ನೂಲಿನ ಸೀರೆಯೊಂದನ್ನು ಎದೆಯ ಕೆಳಗಿನಿಂದ ಸೊಂಟದವರೆಗೆ ಬಿಗಿಯಾಗಿ ಸುತ್ತಿ, ಮೇಲೆ ಆಸ್ಪತ್ರೆಯ ಅಂಗಿ ಎಳೆದರು. ನೀರು ಕೇಳಿದರೆ ಎರಡು ಗುಟುಕು ಮಾತ್ರ. "ನೀರು ಭಾಳ ಕುಡದ್ರ ಗಾಯ ಮಾಯಂಗಿಲ್ಲ" ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಕೆಮ್ಮಿನದು. ನನ್ನ ಗಂಟಲು ಕರಕರ ಎಂದರೆ ಸಾಕು, ಓಡಿ ಬಂದು ಬಾಯಿಯ ಮೇಲೆ ಅಂಗೈ ಇಡುತ್ತಿದ್ದರು.

"ತಡಕೋ ಯವ್ವಾ, ತಡಕೋ. ಹೊಲಿಗಿ ಬಿಚ್ಚತಾವ."

ನಾನು ಸುಲಭಕ್ಕೆ ಯಾರ ಮಾತನ್ನೂ ಕೇಳುವವಳಲ್ಲ. ಆದರೆ ಕೆಮ್ಮಿದರೆ ಜೀವ ಹೋದಂತೆ ನೋಯುತ್ತಿದ್ದುದರಿಂದ ಅತ್ತೆಯ ಮಾತು ನನಗೂ ಹಿತವಾಗಿಯೇ ಇತ್ತು. ಅಂಗಾತ ಮಲಗಿ, ಗಾಯ ಅಲುಗದಷ್ಟು ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತ ಬಿದ್ದಿದ್ದೆ.

ಮರುದಿನ ಸಂಜೆಯ ಹೊತ್ತಿಗೆ ಮೈ ಬಿಸಿಯಾಯಿತು. ಮಾತಾಡಲು ಹೋದರೆ ನಾಲ್ಕು ಶಬ್ದಕ್ಕೇ ದಮ್ಮು ಹತ್ತುತ್ತಿತ್ತು. ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದ ನರ್ಸು ಹೊರಗೆ ಓಡಿದಳು. ಮೂಗಿಗೆ ಆಕ್ಸಿಜನ್ ನಳಿಕೆ ಬಂತು, ಹಾಸಿಗೆಯ ಬಳಿಗೇ ಎಕ್ಸ್‌ರೇ ಯಂತ್ರ ಬಂತು. ನಾನು ಸಾಯುತ್ತೇನೆ ಅಂತ ಆಗ ಮೊದಲ ಸಲ ಅನ್ನಿಸಿತು.

ಡಾಕ್ಟರು ಎಕ್ಸ್‌ರೇಯನ್ನು ನಮ್ಮವರಿಗೆ ತೋರಿಸಿದರು. ಬಲಗಡೆ ಕೆಳಗೆ ಕಪ್ಪಾಗಿ ಕಾಣಬೇಕಾದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಶ್ವಾಸಕೋಶದ ಆ ಭಾಗ ಕುಸಿದಿದೆ ಎಂದು ಹಿಂದಿಯಲ್ಲಿ ಹೇಳಿದರು. ಆಳವಾಗಿ ಉಸಿರು ಎಳೆಯದೆ ಗಾಳಿ ಅಲ್ಲಿಯವರೆಗೆ ಮುಟ್ಟಿಲ್ಲ. ಕಫ ಗಟ್ಟಿಯಾಗಿ ಉಸಿರಿನ ದಾರಿಗೆ ಅಡ್ಡ ಕೂತಿದೆ. ಅದರ ಹಿಂದೆ ಇದ್ದಷ್ಟು ಗಾಳಿಯೂ ಇಂಗಿ ಆ ಜಾಗ ಮಡಚಿಕೊಂಡಿದೆ. ನಮ್ಮವರ ಮುಖ ನೋಡಿ, ಗುಜರಾತಿಯಲ್ಲಿ "ರೋಟ್ಲಿ ಫೂಲಿ ನಥೀ" ಎಂದರು. ರೊಟ್ಟಿ ಉಬ್ಬಿಲ್ಲ, ಅಷ್ಟೇ. ಕೂರಬೇಕು, ನಡೆಯಬೇಕು, ನೀರು ಕುಡಿಯಬೇಕು, ಎಲ್ಲಕ್ಕಿಂತ ಮೊದಲು ಕೆಮ್ಮಬೇಕು. ನಾಳೆಯೊಳಗೆ ಆ ಭಾಗ ತೆರೆದುಕೊಳ್ಳದಿದ್ದರೆ ಒಳಗೆ ಪೈಪು ಇಳಿಸಿ ಕಫ ಎಳೆಯಬೇಕಾಗುತ್ತದೆ. ಅದರಿಂದಲೂ ಆಗದಿದ್ದರೆ ಉಸಿರಾಟದ ಯಂತ್ರ.

ನಮ್ಮವರು ಇದನ್ನೆಲ್ಲ ಕನ್ನಡದಲ್ಲಿ ಹೇಳಿದಾಗ ಅತ್ತೆ ನನ್ನ ಮಂಚಕ್ಕೆ ಅಡ್ಡ ನಿಂತರು. "ಕೆಮ್ಮಸ್ತಾರಂತ! ಹಸೀ ಹೊಟ್ಟೀ ಐತೋ ತಮ್ಮಾ. ಏನರ ಆದ್ರ ಈಕಿ ಅಪ್ಪಗ ಯಾರು ಜವಾಬು ಕೊಡವರು?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಯಿತು. ನಡುವೆ ಗಾಡಿಯಂತೆ ನಾನು.

ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮ ಮಾಡಿಸುವ ಹುಡುಗಿ ಬಂದಳು. ಮೊದಲು ನೋವಿನ ಇಂಜೆಕ್ಷನ್ ಕೊಡಿಸಿದಳು, ಆಮೇಲೆ ಅಂಗಿ ಸರಿಸಿ ಸೀರೆ ನೋಡಿದಳು. ಬಯ್ಯಲಿಲ್ಲ. ಗಂಟು ಬಿಚ್ಚಿ, ಮಡಚಿ, ಅತ್ತೆಯ ಕೈಗೆ ಕೊಟ್ಟಳು. ನನ್ನನ್ನು ಎಬ್ಬಿಸಿ ಕೂರಿಸಿ, ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಡಬ್ಬಿಯ ನಳಿಕೆಗೆ ಬಾಯಿ ಹಚ್ಚಲು ಹೇಳಿದಳು. ಚಿಕ್ಕಂದಿನಲ್ಲಿ ಒಲೆಯ ಮುಂದೆ ಕೂತವಳು ನಾನು, ಊದುಗೊಳವೆ ಎಂದುಕೊಂಡು ಊದಿಬಿಟ್ಟೆ. ಚೆಂಡು ಅಲುಗಲಿಲ್ಲ. ಊದುವುದಲ್ಲ, ಒಳಗೆ ಎಳೆಯುವುದು ಎಂದು ಅವಳು ತಾನೇ ಎಳೆದು ತೋರಿಸಿದಳು. ಕಷ್ಟಪಟ್ಟು ಎಳೆದಾಗ ಒಂದೇ ಒಂದು ಚೆಂಡು ಅರ್ಧಕ್ಕೆ ಎದ್ದು ಬಿತ್ತು.

ಆಮೇಲೆ ಕೆಮ್ಮುವ ಸರದಿ. ಗಾಯದ ಮೇಲೆ ದಿಂಬು ಒತ್ತಿ ಹಿಡಿದರೆ ಹೊಲಿಗೆಗೆ ಆಸರೆಯಾಗುತ್ತದಂತೆ. ಗಂಟೆಗೊಮ್ಮೆ ಕೆಮ್ಮಿಸಬೇಕು, ತಾನಂತೂ ಇಲ್ಲೇ ಇರುವುದಿಲ್ಲ ಎಂದು ಅವಳು ಅತ್ತೆಯ ಎರಡೂ ಕೈ ಹಿಡಿದು ದಿಂಬಿನ ಮೇಲೆ ಇಟ್ಟಳು. "ಬಾ, ದಬಾವೋ," ಅಮ್ಮಾ, ಒತ್ತಿ ಹಿಡಿಯಿರಿ ಎಂದಳು ಗುಜರಾತಿಯಲ್ಲಿ. ಅತ್ತೆ ಸುಟ್ಟವರಂತೆ ಕೈ ತೆಗೆದುಕೊಂಡರು.

ನಾನು ಒಬ್ಬಳೇ ಪ್ರಯತ್ನಿಸಿದೆ. ಆಗಲಿಲ್ಲ. ನನ್ನ ಕೈಯಲ್ಲಿ ಅಷ್ಟು ಬಲವಿರಲಿಲ್ಲ. ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದ ನನ್ನನ್ನು ಅತ್ತೆ ನೋಡುತ್ತ ನಿಂತಿದ್ದರು. ಏನು ಕಂಡಿತೋ, ಕೈಯಲ್ಲಿದ್ದ ಸೀರೆ ಕೆಳಗೆ ಹಾಕಿ ಬಂದು ದಿಂಬನ್ನು ಗಟ್ಟಿಯಾಗಿ ಒತ್ತಿ ಕಣ್ಣು ಮುಚ್ಚಿಕೊಂಡರು.

"ಕೆಮ್ಮು," ಎಂದರು.

ಕೆಮ್ಮಿದೆ. ಮೂರನೆಯ ಕೆಮ್ಮಿಗೆ ಅಂಟಂಟಾದ ಹಳದಿ ಕಫದ ಗಟ್ಟಿ ಬಂತು. ಬಟ್ಟಲು ದೂರವಿತ್ತು, ಅತ್ತೆ ಅಂಗೈ ಒಡ್ಡಿದರು. ಆಮೇಲಿಂದ ಗಂಟೆಗೊಮ್ಮೆ ಅವರೇ ಎಬ್ಬಿಸಿದರು. ನೀರನ್ನೂ ಲೋಟ ತುಂಬಿಯೇ ಕೊಟ್ಟರು.

ಬೆಳಿಗ್ಗೆ ಡಾಕ್ಟರು ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಗಾಳಿ ಕೆಳಗಿನವರೆಗೆ ಹೋಗುತ್ತಿದೆ, ಪೈಪು ಬೇಡ ಎಂದರು. ನಮ್ಮವರು ಕಣ್ಣೊರೆಸಿಕೊಂಡು ಚಹಾ ತರಲು ಹೋದರು. ನನಗೂ ಜೀವ ಬಂದಂತಾಗಿ ಅತ್ತೆಯನ್ನು ಕೆಣಕಿದೆ. "ನೋಡ್ರಿ ಅತ್ತೀ, ಹೊಲಿಗಿ ಒಂದೂ ಬಿಚ್ಚಿಲ್ಲ."

ಅವರು ನಗಲಿಲ್ಲ. ಮಂಚದ ಅಂಚಿಗೆ ಕೂತು ನನ್ನ ಕಾಲ ಮೇಲಿನ ಹೊದಿಕೆ ಸರಿಮಾಡುತ್ತ ಇದ್ದರು.

"ನನ್ನ ತಂಗಿಗೂ ಹೊಟ್ಟಿ ಕೊಯ್ದು ಕೂಸು ತಗದಿದ್ರು," ಎಂದರು. ಆ ತಂಗಿ ಬಾಣಂತನದಲ್ಲಿ ತೀರಿಕೊಂಡದ್ದಷ್ಟೇ ನನಗೆ ಗೊತ್ತಿತ್ತು. "ಆಕಿ ಕೂಡ ನಾನ ಇದ್ದೆ. ಆಕಿಗೂ ಹಿಂಗ ದಮ್ಮು ಹತ್ತಿತ್ತು. ಕೆಮ್ಮಾಕ ಹೋಗತಿದ್ಲು, ನಾ ಬಾಯಿ ಹಿಡೀತಿದ್ದೆ."

ಆಕೆಗೆ ಬೇರೆ ಏನೋ ಆಗಿರಬಹುದು, ಯಾರಿಗೆ ಗೊತ್ತು ಎಂದೆ. ನಿಜಕ್ಕೂ ಯಾರಿಗೂ ಗೊತ್ತಿಲ್ಲ. ಆದರೂ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು.

"ಆಕೀದೂ ಬಿಚ್ಚಿರಲಿಲ್ಲ ಯವ್ವಾ," ಎಂದರು ಅತ್ತೆ. "ಹೆಣಾ ತೊಳಿಯೂ ಮುಂದ ನಾನ ನೋಡೇನಿ. ಒಂದೂ ಬಿಚ್ಚಿರಲಿಲ್ಲ."