ಕಣ್ಣೊಳಗಿನ ಉಪ್ಪಿನ ಬಾಗಿಲು

ನಮ್ಮ ಜೀವಶಾಸ್ತ್ರದ ಮೇಷ್ಟ್ರ ಎಡಹುಬ್ಬಿನ ಮೇಲೆ ಸದಾ ಒಂದು ಹಸಿ ಗಾಯವಿರುತ್ತಿತ್ತು. ಬಾಗಿಲ ಚೌಕಟ್ಟೋ, ಕಿಟಕಿಯ ಬಾಗಿಲೋ ಬಡಿಯುತ್ತಲೇ ಇತ್ತು. ಕೇಳಿದರೆ, “ಅದೇ ಬಂದು ಹೊಡೀತು ಕಣಮ್ಮ” ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆ. ಹೊಸದುರ್ಗದ ಪಿಯು ಕಾಲೇಜು. ಮಟನ್ ಅಂಗಡಿಯಿಂದ ಮೇಕೆಯ ಕಣ್ಣು ತಂದು ಸೀಳಿ, ಒಳಗಿನ ತೆಳುಪೊರೆಯನ್ನು ಚಿಮಟದಲ್ಲಿ ಎತ್ತಿ ತೋರಿಸಿದರು.

“ಇದು ಅಕ್ಷಿಪಟಲ. ಇದರಾಗಿನ ಕೋಶಗಳಿಗೆ ಬಾಗಿಲು ಅವೆ. ಕತ್ತಲಾಗೆ ತೆರಕಂಡಿರ್ತವೆ, ಉಪ್ಪಿನ ಕಣ ಒಳಗೆ ಹರೀತಿರ್ತವೆ. ಬೆಳಕು ಬಿತ್ತೋ, ಮುಚ್ಕಂತವೆ. ಆ ಮುಚ್ಚಿದ್ದೇ ಸುದ್ದಿ. ಅದೇ ಕರೆಂಟಾಗಿ ಮಿದುಳಿಗೆ ಮುಟ್ಟೋದು.”

“ಮುಚ್ಚದೇ ಹೋದ್ರೆ ಸಾರ್?” ಎಂದೆ.

ಅವರು ಚಿಮಟ ಕೆಳಗಿಟ್ಟರು. “ಕೋಶ ಸಾಯ್ತವೆ. ಒಂದೊಂದೇ.”

ಆ ವರ್ಷ ನಮ್ಮನ್ನು ಚಂದ್ರವಳ್ಳಿಯ ಗುಹೆಗೆ ಕರೆದೊಯ್ದರು. ಹೈಸ್ಕೂಲು ಓದುತ್ತಿದ್ದ ಅವರ ಮಗಳೂ ಬಂದಿದ್ದಳು. ಎಲ್ಲಿಂದಲೋ ಎಳೆಯಷ್ಟು ಬೆಳಕು ಬರುವ ಕಡೆ ನಿಲ್ಲಿಸಿ ಬ್ಯಾಟರಿ ಆರಿಸಿದರು.

“ಸುಮ್ನೆ ನಿಂತ್ಕಳ್ರಿ. ಕಣ್ಣು ಕತ್ತಲಿಗೆ ಹೊಂದ್ಕಂಡ ಮ್ಯಾಲೆ ಏನು ಕಾಣ್ತದೆ ಹೇಳ್ರಿ.”

ಸ್ವಲ್ಪ ಹೊತ್ತಿಗೆ ಒಬ್ಬನಿಗೆ ಮೆಟ್ಟಿಲು ಕಂಡಿತು, ನನಗೆ ಪಕ್ಕದವಳ ಬಿಳಿ ದುಪಟ್ಟಾ. ಕೊನೆಗೆ ಮಗಳ ದನಿ: “ಅಪ್ಪಾಜಿ, ನಂಗಿನ್ನೂ ಏನೂ ಕಾಣ್ತಿಲ್ಲ.”

ಯಾರೋ ನಕ್ಕರು.

“ಇನ್ನೊಂದಿಷ್ಟು ತಡಿಯವ್ವ” ಎಂದರು ಮೇಷ್ಟ್ರು. ತಡೆದೆವು. “ಈಗ?”

“ಇಲ್ಲ.”

ಅವರ ಬೆರಳು ಬ್ಯಾಟರಿಯ ಗುಂಡಿಗಾಗಿ ತಡಕಾಡುತ್ತಿತ್ತು. ನಾನೇ ತೆಗೆದುಕೊಂಡು ಹೊತ್ತಿಸಿದೆ. “ನನ್ನ ಕಣ್ಣಿನ ರೋಗಾನೂ ಹಿಂಗೇ ಶುರುವಾಗಿದ್ದು” ಎಂದರು, ನನಗಷ್ಟೇ ಕೇಳುವಂತೆ.

ಅವರ ಪಾಠವೇ ನನಗೆ ಅನ್ನವಾಯಿತು. ಕಣ್ಣಾಸ್ಪತ್ರೆಯೊಂದರಲ್ಲಿ ಅಕ್ಷಿಪಟಲದ ಕರೆಂಟು ಅಳೆಯುವ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ಮೇಲೆ ಮೇಷ್ಟ್ರು ಮಗಳ ತೋಳು ಹಿಡಿದು ಅಲ್ಲಿಗೇ ಬಂದರು. ದೀಪ ಮಿಂಚಿದಾಗ ಪರದೆಯಲ್ಲಿ ಏಳಬೇಕಾದ ಅಲೆ ಅವರಿಗೆ ಏಳಲೇ ಇಲ್ಲ.

“ಗೆರೆ ಹೆಂಗೈತಮ್ಮ?”

“ಸಪಾಟಾಗೈತೆ ಸಾರ್.”

“ಮಗಳದ್ದು?”

“ಅಲೆ ಐತೆ. ಸಣ್ಣದಾಗೈತೆ.”

ಮಗಳು ಹೊರಗೆ ಕೂತಿದ್ದಳು. ಅವರು ದನಿ ತಗ್ಗಿಸಿದರು. “ಅವಳಿಗೂ ಹಿಂಗೇ ನೇರ ಹೇಳು. ಗುಹೆಯಿಂದ ಬಂದ ಮ್ಯಾಲೆ ಎರಡು ವರ್ಷ ನಾನು ಬಾಯಿ ಬಿಡಲಿಲ್ಲ. ಎಡವಿದಾಗೆಲ್ಲ ನಾನೇ ದಡ್ಡಿ ಅಂದ್ಕಂಡು ಅತ್ತಳು ಕೂಸು.”

ಮರುವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ಮಗಳು ಈಗಲೂ ವರ್ಷಕ್ಕೊಮ್ಮೆ ಬರುತ್ತಾಳೆ. ಈ ಸಲದ ಅಲೆ ಹೋದ ಸಲದ ಅರ್ಧವೂ ಇರಲಿಲ್ಲ. ಅವಳು ಕುರ್ಚಿಯಿಂದ ಏಳದೆ ಕಾದಳು. ಮೇಷ್ಟ್ರು ಕಲಿಸಿದ್ದರಲ್ಲಿ ನೇರ ಹೇಳುವ ಇದೊಂದು ಪಾಠ ಮಾತ್ರ ನನಗೆ ಇನ್ನೂ ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಆದರೂ ಹೇಳಿದೆ.