ಸೀರೆಯ ಇನ್ನೊಂದು ತುದಿ

ಡಫಳಾಪುರದ ಬಸಗೊಂಡಣ್ಣನ ಅಂಗಡಿಗೆ ಸೀರೆ ಕೊಳ್ಳಲು ಹೋದವರು ಮೊದಲು ಸಮುದ್ರ ನೋಡಿಯೇ ತೀರಬೇಕು. ಅವನ ಮೊಬೈಲಿನಲ್ಲಿ ಸದಾ ಯಾರೋ ಪ್ಯಾರಾವಿಂಗ್ ಎಂಬ ಬಟ್ಟೆಯ ರೆಕ್ಕೆಯನ್ನು ಕೈಯಲ್ಲಿ ಹಿಡಿದು, ಗಾಳಿ ಎಳೆದತ್ತ, ಹಲಗೆಯ ಮೇಲೆ ನಿಂತು ನೀರಿಗಿಂತ ಮೊಳದಷ್ಟು ಎತ್ತರದಲ್ಲಿ ಹಾರುತ್ತಿರುತ್ತಾರೆ. ಇವನು ಹಳ್ಳದಲ್ಲಿ ಮೊಣಕಾಲಿಗಿಂತ ಆಳಕ್ಕೆ ಇಳಿದವನಲ್ಲ. ಆದರೂ ಎಲ್ಲ ಕಂಪನಿಗಳ ರೆಕ್ಕೆಗಳ ದರ ನಾಲಿಗೆಯ ಮೇಲಿದೆ. “ಇದು ಒಂದ ಪದರಿಂದ್ರಿ, ಭಾಳ ಹಗುರ. ಅದು ಎರಡ ಪದರಿಂದು, ಗಾಳಿ ಚಲೋ ಹಿಡೀತೈತಿ, ಖರೆ ಕಿಮ್ಮತ್ತು ಲಾಖದ ಮ್ಯಾಲ!” ಗಿರಾಕಿ ಇಳಕಲ್ ಸೀರೆ ಕೇಳಿದರೆ ಇವನು ರೆಕ್ಕೆಯ ದಾರಗಳ ಸಿಕ್ಕು ಬಿಡಿಸುವುದು ಹೇಗೆಂದು ಹೇಳುತ್ತಾನೆ. ಕೊನೆಗೆ ಎಲ್ಲಕ್ಕೂ ಒಂದೇ ತಕರಾರು: “ಒಬ್ಬಾಂವ ಅಷ್ಟ ಹಿಡಕೊಂಡ್ರ ಏನ ಮಜಾ ರೀ?” ಚಿಕ್ಕಂದಿನಲ್ಲಿ ಅವ್ವ ಒಗೆದುಕೊಟ್ಟ ಸೀರೆಯನ್ನು ಇವನೂ ತಂಗಿ ನಂದಾಳೂ ಊರಾಚೆಯ ಮಡ್ಡಿ ದಿನ್ನೆಯ ಗಾಳಿಯಲ್ಲಿ ತುದಿಗೊಬ್ಬರು ಹಿಡಿದು ಒಣಗಿಸುತ್ತಿದ್ದರಂತೆ. ಸೀರೆ ಉಬ್ಬಿದಾಗ ನಂದಾಳ ಕಾಲುಗಳು ನೆಲ ಬಿಡುತ್ತಿದ್ದವು. “ಗಟ್ಟಿ ಹಿಡಿಯೋ ಅಣ್ಣಾ” ಎಂದು ಕಿರುಚಿ ನಗುತ್ತಿದ್ದಳು. ನಂದಾ ಈಗಿಲ್ಲ. ಆದರೆ ಬಸಗೊಂಡಣ್ಣ ಯಾವ ಸೀರೆ ಬಿಚ್ಚಿದರೂ ಒಂದು ತುದಿಯನ್ನು ಗಿರಾಕಿಯ ಕೈಗೆ ಕೊಟ್ಟು “ಗಟ್ಟಿ ಹಿಡೀರಿ” ಎನ್ನುತ್ತಾನೆ. ಫ್ಯಾನಿನ ಗಾಳಿಗೆ ಅದು ಒಮ್ಮೆ ಉಬ್ಬುವವರೆಗೂ ತನ್ನ ತುದಿಯನ್ನು ಬಿಡುವುದಿಲ್ಲ.