ಹೊಳೆಯ ಹತ್ತಿರ ಚೌಕಾಸಿ ನಡೆಯುವುದಿಲ್ಲ

ಹೊಸ ವರ್ಷಕ್ಕೆ ಗುರಿ ಇಟ್ಟುಕೊಳ್ಳುವವರಿಗೆ ನನ್ನದೊಂದು ಸಲಹೆ ಇದೆ. ನೀವು ಕೇಳದಿದ್ದರೂ ಹೇಳುತ್ತೇನೆ, ಅದು ನನ್ನ ಸ್ವಭಾವ. ಗುರಿಯನ್ನು ತೆಂಗಿನಕಾಯಿಯ ದರದ ಹಾಗೆ ಹೇಳಬೇಕು. ಮೊದಲು ಎದುರಿನವನ ಹುಬ್ಬು ಹಣೆಗೆ ಏರುವಷ್ಟು ಹೇಳಿ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು, ಮನಸ್ಸಿನಲ್ಲಿ ಮೊದಲೇ ಇದ್ದ ಜಾಗಕ್ಕೆ ಬಂದು ನಿಲ್ಲಬೇಕು. ಅವನಿಗೆ ಗೆದ್ದೆ ಅನ್ನಿಸುತ್ತದೆ, ನಮಗೆ ನಷ್ಟವಿಲ್ಲ. ಗುರಿಯ ವಿಷಯದಲ್ಲಿ ಎದುರಿನವನೂ ನಾವೇ ಆದ್ದರಿಂದ ಗೆಲುವು ಎರಡು ಕಡೆಯಿಂದಲೂ ನಮ್ಮದೇ.

ಈ ಲೆಕ್ಕದಲ್ಲೇ ಈ ಸಲ ಜನವರಿ ಒಂದರಂದು ಹೊಸ ಕ್ಯಾಲೆಂಡರಿಗೆ ಮೊಳೆ ಹೊಡೆಯುತ್ತಾ, ಹೆಂಡತಿ ಜಯಮ್ಮನಿಗೆ ಕೇಳುವಂತೆ ಸಾರಿದೆ: ಈ ವರ್ಷ ಗರಿಗಾಳದಲ್ಲಿ ತೋಳುದ್ದದ ಒಂದು ಬಿಳಿಮೀನು ಹಿಡಿಯುತ್ತೇನೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ತೋಳು ಯಾರ್ದು? ನಿಮ್ದಾ, ಇಲ್ಲಾ ಎಳೆಮಗೀದಾ?" ಎಂದಳು.

ಗರಿಗಾಳ ಎನ್ನುವುದು ನಾನೇ ಇಟ್ಟ ಹೆಸರು. ಸಾಮಾನ್ಯ ಗಾಳಕ್ಕೆ ಎರೆಹುಳವನ್ನೋ ರಾಗಿಹಿಟ್ಟಿನ ಉಂಡೆಯನ್ನೋ ಸಿಕ್ಕಿಸುತ್ತಾರೆ. ಇದರಲ್ಲಿ ಅದೇನೂ ಇಲ್ಲ. ಕೊಕ್ಕೆಯ ಮೈಗೆ ಕೋಳಿಯ ಗರಿ, ಬಣ್ಣದ ದಾರ ಸುತ್ತಿ ನೊಣದ ಹಾಗೆ ಕಾಣಿಸಿರುತ್ತಾರೆ. ಬಳುಕುವ ಉದ್ದನೆಯ ಕಡ್ಡಿಯಿಂದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ಸುಳ್ಳು ನೊಣ ತಾನಾಗಿಯೇ ಬಂದು ಕೂತಿತೇನೋ ಎನ್ನುವ ಹಾಗೆ ನೀರಿನ ಮೇಲೆ ಇಳಿಸಬೇಕು. ಮೀನು ಮುಟ್ಟಿದ ಕ್ಷಣ ಒಂದು ಕೈ ಕಡ್ಡಿ ಎತ್ತಬೇಕು, ಇನ್ನೊಂದು ಕೈ ದಾರ ಎಳೆಯಬೇಕು. ಒಂದೇ ಕೈಯಲ್ಲಿ ಆಗುವ ಕೆಲಸವಲ್ಲ. ವ್ಯಾಪಾರದ ಮಾತಿನಲ್ಲಿ ಹೇಳುವುದಾದರೆ ಇದು ಹಿಂದೆ ಮಾಲೇ ಇಲ್ಲದ ಸ್ಯಾಂಪಲ್ಲು. ಎರೆಹುಳದವನು ಮೀನಿಗೆ ಒಂದು ತುತ್ತನ್ನಾದರೂ ಕೊಡುತ್ತಾನೆ. ನನ್ನದು ಬರೀ ಬೋರ್ಡು, ಒಳಗೆ ಅಂಗಡಿಯೇ ಇಲ್ಲ.

ಈ ಕಡ್ಡಿ ನನಗೆ ಸಿಕ್ಕಿದ್ದು ಮೈಸೂರಿನಲ್ಲಿ. ಮನೆ ಖಾಲಿ ಮಾಡುತ್ತಿದ್ದ ವಯಸ್ಸಾದ ಕಾಫಿತೋಟದ ಯಜಮಾನರೊಬ್ಬರ ಹತ್ತಿರ ತೇಗದ ಮಂಚ ಕೊಳ್ಳಲು ಹೋಗಿದ್ದೆ. ಅವರು ಒಂದು ಬೆಲೆ ಹೇಳಿದರು. ನಾನು ಮಂಚದ ಕಾಲು ಅಲ್ಲಾಡಿಸಿದೆ, ಹಲಗೆ ತಟ್ಟಿ ಕಿವಿ ಇಟ್ಟೆ, ಗೆದ್ದಲಿನ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ, ತೇಗವನ್ನು ಯಾವ ಎಣ್ಣೆಯಲ್ಲಿ ಒರೆಸಬೇಕೆಂಬ ಸಲಹೆಯನ್ನೂ ಸೇರಿಸಿದೆ. ಕಾಫಿ ಬಂತು, ಮಧ್ಯಾಹ್ನವಾಯಿತು. ಕೊನೆಗೆ ಅವರು ಎದ್ದು ಒಳಗೆ ಹೋಗಿ ಈ ಕಡ್ಡಿ, ದಾರ ಸುತ್ತುವ ಅದರ ರಾಟೆ, ಗರಿ ಕಟ್ಟಿದ ಕೊಕ್ಕೆಗಳ ಒಂದು ತಗಡಿನ ಡಬ್ಬಿ ತಂದು ಮಂಚದ ಮೇಲಿಟ್ಟರು. "ನೀವು ಹೇಳಿದ ಬೆಲೆಗೇ ಮಂಚ ತಗೊಳ್ಳಿ, ಇದನ್ನೂ ತಗೊಳ್ಳಿ. ದಯವಿಟ್ಟು ಮಾತು ನಿಲ್ಲಿಸಿ" ಎಂದರು. ಬಾಯಿ ಮುಚ್ಚಿದ್ದಕ್ಕೆ ನನಗೆ ಸಿಕ್ಕ ಮೊದಲ ಪ್ರತಿಫಲ ಅದು. ಹೊರಡುವಾಗ ಅಂಗಳದಲ್ಲಿ ಅವರೇ ಬೀಸಿ ತೋರಿಸಿದರು. ಆ ವಯಸ್ಸಿನಲ್ಲೂ ಅವರ ಕೈಯಿಂದ ಹೋದ ದಾರ ಗಾಳಿಯಲ್ಲಿ ಒಂದು ಸಲ ಬಿಚ್ಚಿಕೊಂಡು ಮಲಗಿದ ರೀತಿ ನೋಡಿ ನನಗೆ ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ.

ನನ್ನಂಥವನಿಗೆ ಹೊಳೆಯ ಹುಚ್ಚು ಹಿಡಿದದ್ದೇ ಆಶ್ಚರ್ಯ. ನಾನು ನಾಗಮಂಗಲದ ಕಡೆಯವನು. ಅಲ್ಲಿ ನೀರೆಂದರೆ ಬಾವಿಗೆ ಬಗ್ಗಿ ನೋಡುವಂಥದ್ದು, ಪಕ್ಕದಲ್ಲಿ ಕೂರುವಂಥದ್ದಲ್ಲ. ಕಾಯಿಮಂಕರಿ ಹೊತ್ತು ಸಂತೆ ಸುತ್ತುತ್ತಾ ಶುರು ಮಾಡಿ, ನಾಗಮಂಗಲದ ಕಾಯಿಯನ್ನು ಕೆ.ಆರ್. ಪೇಟೆಗೆ, ಪಾಂಡವಪುರದ ಬೆಲ್ಲವನ್ನು ನಾಗಮಂಗಲಕ್ಕೆ ಸಾಗಿಸಿ, ಕಡೆಗೆ ಶ್ರೀರಂಗಪಟ್ಟಣದಲ್ಲಿ ಒಂದು ಕಾಯಿಮಂಡಿ, ಒಂದು ಮನೆ ಮಾಡಿಕೊಂಡವನು. ಈಜು ಬರುವುದಿಲ್ಲ. ಮೊಣಕಾಲು ಮೀರಿದ ನೀರಿಗೆ ಇಂದಿಗೂ ಇಳಿದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಊರೆಲ್ಲ ಟಿ.ವಿ. ಮುಂದೆ ಕೂತಿರುವಾಗ ನಾನು ಸ್ಕೂಟರಿಗೆ ಕಡ್ಡಿ ಕಟ್ಟಿಕೊಂಡು, ಊರಾಚೆ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುವ ಕಡೆಗೆ ಹೋಗುತ್ತೇನೆ. ವಾರದ ಆರು ದಿನ ನನ್ನ ಬಂಡವಾಳವೆಲ್ಲ ಮಾತು. ಅಲ್ಲಿ ಮಾತಿಗೆ ಗಿರಾಕಿಯೇ ಇಲ್ಲ. "ನಿಂದೂ ಬೇಡ, ನಂದೂ ಬೇಡ, ನಡುವೆ ಮುಗಿಸಿಬಿಡೋಣ" ಎಂದು ಮೀನಿಗೆ ಹೇಳಲಾಗುವುದಿಲ್ಲ. ಒಂದಷ್ಟು ಹೊತ್ತು ಯಾರನ್ನೂ ಒಪ್ಪಿಸಬೇಕಾಗಿಲ್ಲ ಎನ್ನುವುದು ಎಂಥ ಸುಖ ಎಂದು ಒಪ್ಪಿಸುವುದನ್ನೇ ಕಸುಬು ಮಾಡಿಕೊಂಡವನಿಗೆ ಮಾತ್ರ ಗೊತ್ತು.

ಮಾತಿಲ್ಲದ ವ್ಯಾಪಾರ ನನಗೆ ಪೂರ್ತಿ ಹೊಸದೂ ಅಲ್ಲ. ದನದ ಸಂತೆಯಲ್ಲಿ ನೀವೂ ನೋಡಿರುತ್ತೀರಿ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೊಂದು ಟವಲು ಹಾಕಿಕೊಳ್ಳುತ್ತಾರೆ. ಕೆಳಗೆ, ಎಷ್ಟು ಬೆರಳಿಗೆ ಎಷ್ಟು ಎಂಬ ಲೆಕ್ಕದಲ್ಲಿ, ಎದುರಿನವನ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ಎಷ್ಟು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಆ ಇಬ್ಬರಿಗೇ. ಒಪ್ಪದವನು ಕೈ ಕೊಡವುತ್ತಾನೆ, ಇಲ್ಲವೇ ಬೆರಳು ಬದಲಿಸುತ್ತಾನೆ. ಒಪ್ಪಿದವನು ಕೈಯನ್ನು ಸುಮ್ಮನೆ ಬಿಟ್ಟುಕೊಡುತ್ತಾನೆ. ಜಯಮ್ಮನ ಅಪ್ಪ, ಅರಕೆರೆಯ ನನ್ನ ಮಾವ, ಎತ್ತಿನ ವ್ಯಾಪಾರದಲ್ಲಿ ಪಳಗಿದವರು. ಆ ಬೆರಳಿನ ಲೆಕ್ಕವೆಲ್ಲ ಅವಳಿಗೆ ಲಂಗ ಉಡುವ ವಯಸ್ಸಿನಲ್ಲೇ ಕುಂಟೆಬಿಲ್ಲೆಯ ಆಟದಷ್ಟು ಸಲೀಸಾಗಿ ಬರುತ್ತಿತ್ತಂತೆ. ಗಾಳದ ದಾರವನ್ನು ಬೆರಳಲ್ಲಿ ಹಿಡಿದು ಕೂತಾಗಲೆಲ್ಲ ನನಗೆ ಆ ಟವಲು ನೆನಪಾಗುತ್ತದೆ. ನೀರಿನ ಕೆಳಗಿನಿಂದ ಯಾರೋ ಬೆರಳು ಮುಟ್ಟಿ ತಮ್ಮ ಬೆಲೆ ಹೇಳುತ್ತಾರೇನೋ ಎಂದು ಕಾಯುತ್ತೇನೆ. ಗರಿಗಾಳ ಹಿಡಿದ ಮೇಲೆ ಒಂದು ಮೀನೂ ಹೇಳಿರಲಿಲ್ಲ.

ಜನವರಿ ಒಂದರ ಮಾತು ಅರ್ಧಕ್ಕೆ ಬಿಟ್ಟೆ. ಜಯಮ್ಮ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ.

"ಆರ್ ದಿನ ಮಂಡೀಲಿ ಬಾಯ್ ಬಡ್ಕತೀರ. ಮನೇಗ್ ಬಂದ್ರೆ ಸಾರ್ಗೆ ಉಪ್ಪು ಎಂಗಾಕ್ಬೇಕು, ಒಲೇಗ್ ಸೌದೆ ಎಂಗಿಡ್ಬೇಕು ಅಂತ ನಂಗೇ ಬುದ್ಧಿ ಯೋಳ್ತೀರ. ಸುಮ್ಕಿರೋದು ಅಂತ ಒಂದಿನ ಇದ್ರೆ ಅದ್ನೂ ತಕ್ಕೊಂಡೋಗಿ ಆ ಹೊಳೇಗ್ ಸುರೀತೀರ. ನಂಗೇನ್ರೀ ಉಳೀತು?"

ಸಾಲ ಕೊಟ್ಟವನು ಬಾಗಿಲಿಗೆ ಬಂದಾಗ ವ್ಯಾಪಾರಿ ಮಾಡುವುದನ್ನೇ ಮಾಡಿದೆ, ವಾಯಿದೆ ಕೇಳಿದೆ. "ಇದು ಕ್ಯಾಲೆಂಡರ್ ಹೊಸ ವರ್ಷ ಕಣೆ. ನಮ್ದು ಯುಗಾದೀಗಲ್ವಾ? ಅಲ್ಲೀಗಂಟ ಬುಡು."

"ಆಯ್ತು. ಯುಗಾದಿ ಮಾರ್ನೆ ದಿನ, ಹೊಸತೊಡಕಿಗೆ, ನಿಮ್ ಕೋಳಿಪುಕ್ಕದ ಗಾಳ್ದಲ್ಲಿ ಒಂದ್ ಮೀನ್ ತನ್ನಿ. ತಂದ್ರೆ ಭಾನುವಾರ ಎಲ್ಲಾ ನಿಮ್ದೆ. ತರ್ದಿದ್ರೆ ಆ ಕಡ್ಡಿ ಅಟ್ಟಕ್ಕೆ."

ನಮ್ಮ ಕಡೆ ಹೊಸತೊಡಕಿನ ದಿನ ಬಾಡೂಟವಿಲ್ಲದ ಮನೆಯಿಲ್ಲ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆಯೂ ಉಂಟು. ಅಂದು ಜಗಳವಾಡಿದವನು ವರ್ಷವಿಡೀ ಜಗಳವಾಡುತ್ತಾನೆ, ಬರಿಗೈಯಲ್ಲಿ ಬಂದವನು ವರ್ಷವಿಡೀ ಬರಿಗೈ. ಮೂರು ತಿಂಗಳ ವಾಯಿದೆ ಗಿಟ್ಟಿಸಿದೆನೆಂದು ನಾನು ಹಿಗ್ಗಿದೆ. ಜಯಮ್ಮ ಮತ್ತೆ ಮೊರ ಎಳೆದುಕೊಂಡಳು.

ಅಲ್ಲಿಂದ ನನ್ನ ಗುರಿ ಇಳಿಯತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಬಿಳಿಮೀನು ಹೋಗಿ ಅದಕ್ಕಿಂತ ಸಣ್ಣ ಗೆಂಡೆಮೀನಾಯಿತು. ಶಿವರಾತ್ರಿಯ ಹೊತ್ತಿಗೆ ಗೆಂಡೆಯೂ ಹೋಗಿ, ಕೆರೆಯಲ್ಲಿ ಮಕ್ಕಳು ಹಳೇ ಪಂಚೆಯಲ್ಲಿ ಗೋರುವ ಜಿಲೇಬಿ ಮೀನಾದರೂ ಸರಿ ಎನ್ನುವಲ್ಲಿಗೆ ಬಂದೆ. ಎದುರಿಗಿದ್ದ ಹೊಳೆ ಒಂದು ಮಾತೂ ಆಡದೆ ನಾನು ಇಷ್ಟು ಇಳಿದದ್ದು ನನ್ನ ಜೀವನದಲ್ಲೇ ಮೊದಲು. ಮಾತಾಡುವವನನ್ನು ಮಣಿಸುವುದು ಸುಲಭ, ಬಿಡಿ. ಸುಮ್ಮನಿರುವವನ ಮುಂದೆ ನಮ್ಮೊಳಗಿನ ಆತುರ ತಾನಾಗಿಯೇ ದರ ಇಳಿಸುತ್ತಾ ಹೋಗುತ್ತದೆ.

ಹೊಳೆಯಲ್ಲಿ ನನ್ನ ನೆರೆಯವನು ಕಿರಂಗೂರಿನ ಪುಟ್ಟಸ್ವಾಮಿ. ನನ್ನ ವಯಸ್ಸಿನವನೇ, ಡೈರಿಗೆ ಹಾಲು ಹಾಕಿ ಬಿದಿರುಕಡ್ಡಿ, ಎರೆಹುಳ ಹಿಡಿದು ಬಂದು ಕೂರುತ್ತಾನೆ. ನಾನು ಬೀಸುವುದನ್ನು ನೋಡಿ ಒಂದು ದಿನ, "ಎತ್ಗೆ ಚಾಟಿ ಬೀಸ್ದಂಗೆ ಬೀಸ್ತೀಯಲ್ಲೋ, ಯಾಕ್ಲಾ? ಹೊಳೆ ಇನ್ನೂ ಬಿರ್ರನೆ ಓಡ್ಲಿ ಅಂತಾನಾ?" ಎಂದ.

ಒಳ್ಳೆಯ ಎರೆಹುಳವನ್ನು ಎಲ್ಲಿ ಅಗೆಯಬೇಕೆಂದು ನಾನು ಅವನಿಗೆ ಹೇಳಿಕೊಟ್ಟೆ.

"ಮೊದ್ಲು ನಿನ್ ಬುಟ್ಟಿ ತೋರ್ಸ್ಲಾ" ಎಂದ.

ಹೊಸತೊಡಕಿನ ಬೆಳಿಗ್ಗೆ ಸ್ಕೂಟರು ತೆಗೆದರೆ ಜಯಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಳು. "ನಾನೂ ಬತ್ತೀನಿ. ನೀವು ದಾರೀಲಿ ಮೀನ್ ಕೊಂಡ್ಕಂಡು, ಹಿಡ್ದೆ ಅಂತ ಬಂದ್ರೆ? ಇಷ್ಟ್ ವರ್ಸದಿಂದ ನೋಡ್ತಿಲ್ವಾ ನಿಮ್ಮ?" ಅಂಥ ಯೋಚನೆಯೇ ನನಗೆ ಬಂದಿರಲಿಲ್ಲ ಎಂದರೆ ನೀವೂ ನಂಬುವುದಿಲ್ಲ.

ಬೇಸಿಗೆಯ ಹೊಳೆ ತೆಳ್ಳಗಿತ್ತು, ತಳದ ಕಲ್ಲು ಕಾಣುವಷ್ಟು ತಿಳಿ. ಹಬ್ಬದ ಮಾರನೆಯ ದಿನವಾದ್ದರಿಂದ ಪುಟ್ಟಸ್ವಾಮಿಯೂ ಬಂದಿರಲಿಲ್ಲ. ಜಯಮ್ಮ ಒಂದು ಬಂಡೆಯ ಮೇಲೆ ಕೂತಳು. ಬಂಡೆಯ ಮೇಲೆ ಹೇಗೆ ಕೂತರೆ ಸೊಂಟ ಹಿಡಿಯುವುದಿಲ್ಲ ಎಂದು ನಾನು ಶುರು ಮಾಡಿದೆ. "ಮಾತಿಗೆ ಮೀನ್ ಎದ್ರಕಳಲ್ವಾ?" ಎಂದಳು. ಬಾಯಿ ಮುಚ್ಚಿದೆ. ಬೀಸಿದೆ, ಇಳಿಸಿದೆ, ಎಳೆದೆ, ಮತ್ತೆ ಬೀಸಿದೆ. ಆಚೆ ಬಂಡೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅವಳು ಅದನ್ನು ನೋಡಿದಳು, ನೀರನ್ನು ನೋಡಿದಳು, ಸೆರಗು ತಲೆಗೆ ಎಳೆದುಕೊಂಡಳು. ಬಿಸಿಲು ಏರಿ ನೆರಳು ಕಾಲಡಿಗೆ ಬಂದರೂ ಹೊಳೆ ನನಗೆ ಏನನ್ನೂ ಕೊಡಲಿಲ್ಲ.

ಕೊನೆಯ ಸಲ ದಾರ ಬೀಸಿ, ಅದನ್ನು ಹರಿವಿಗೆ ಬಿಟ್ಟು, ಕಡ್ಡಿಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅವಳ ಪಕ್ಕ ಕೂತೆ. "ಸೋತೆ ಕಣೆ. ನಡಿ, ರುಬ್ಬಿರೋ ಮಸಾಲೆ ಕೆಟ್ಟೋಯ್ತದೆ" ಎಂದೆ.

"ನಿಮ್ ಮೀನ್ ನಂಬ್ಕಂಡು ಮಸಾಲೆ ರುಬ್ಬಕ್ಕೆ ನಂಗೇನ್ ತಲೆ ಕೆಟ್ಟೈತಾ? ಗುಡ್ಡೆಬಾಡ್ಗೆ ಮೊನ್ನೇನೆ ಯೋಳಿವ್ನಿ. ನಮ್ಮಣ್ಣ ಪಾಲು ತಕ್ಕಂಬತ್ತಾನೆ." ಗುಡ್ಡೆಬಾಡೆಂದರೆ ಹತ್ತಾರು ಮನೆಯವರು ದುಡ್ಡು ಕೂಡಿಸಿ ಕುರಿ ಕಡಿದು, ಗುಡ್ಡೆ ಹಾಕಿ ಹಂಚಿಕೊಳ್ಳುವ ಮಾಂಸ. ಅರಕೆರೆಯ ಎತ್ತಿನ ವ್ಯಾಪಾರಿಯ ಮಗಳು, ನೋಡಿ. ನನ್ನ ಸೋಲಿಗೆ ನನಗಿಂತ ಮೊದಲೇ ಅಡುಗೆಯ ಏರ್ಪಾಡು ಮಾಡಿದ್ದಳು.

ನಾನು ಏಳಲು ಹೊರಟೆ. ಅವಳು ನನ್ನ ಹೆಗಲಿನ ಟವಲು ಎಳೆದುಕೊಂಡಳು. "ಎಲ್ಲಿ, ಕೈ ಕೊಡಿ ಇಲ್ಲಿ" ಎಂದು ನನ್ನ ಬಲಗೈ ಹಿಡಿದು ಅದರ ಮೇಲೆ ಟವಲು ಹಾಸಿದಳು. ಕೈ ಕೊಡವುತ್ತಾಳೆ, ಕಡ್ಡಿ ಅಟ್ಟಕ್ಕೆ ಹೋಗುತ್ತದೆ ಎಂದುಕೊಂಡೆ. ಕೊಡವಲಿಲ್ಲ. ಟವಲಿನ ಕೆಳಗೆ ನನ್ನ ಎರಡು ಬೆರಳನ್ನು ಗಟ್ಟಿಯಾಗಿ ಹಿಡಿದಳು.

"ತಿಂಗ್ಳಿಗೆ ಎರಡ್ ಭಾನುವಾರ ನಿಮ್ದು. ಮಿಕ್ಕಿದ್ದು ನಂದು. ಇಲ್ಲೀಗೇ ಬರಾಣ, ಆದ್ರೆ ಕಡ್ಡಿ ತರಂಗಿಲ್ಲ, ಬುದ್ಧಿ ಯೋಳಂಗಿಲ್ಲ. ಇಂಗೇ ಸುಮ್ಕೆ ಕೂತ್ಕಳಾಣ."

ನನ್ನ ಹೆಬ್ಬೆರಳಿಗೆ ಅದರದೇ ಚಾಳಿ ಇದೆ. ಯಾವ ಬೆಲೆ ಬಂದರೂ ಇನ್ನೊಂದು ಬೆರಳು ಒತ್ತಿ ಹೆಚ್ಚು ಕೇಳಿಯೇ ಅದಕ್ಕೆ ರೂಢಿ. ಅದು ಮೇಲಕ್ಕೆದ್ದದ್ದು ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಗಿರಬೇಕು. ಆದರೆ ಒತ್ತಲಿಲ್ಲ. ಹೇಳಿದ ಮೊದಲ ಬೆಲೆಗೇ ಕೈಯನ್ನು ಸುಮ್ಮನೆ ಬಿಟ್ಟುಕೊಟ್ಟೆ.

ಅಷ್ಟರಲ್ಲಿ ಎಡಗೈಯ ಕಡ್ಡಿ ಬಗ್ಗಿತು. ಒಮ್ಮೆ ಮೆಲ್ಲಗೆ, ಮತ್ತೊಮ್ಮೆ ಜೋರಾಗಿ. ದಾರ ಎಳೆಯಬೇಕಾದ ಕೈ ಟವಲಿನ ಕೆಳಗಿತ್ತು.

"ಏನೋ ಜಗ್ತಾ ಐತಲ್ಲ?" ಎಂದಳು.

"ಗಾಳಿ ಕಣೆ" ಎಂದೆ.

ದಡದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವಳು ಆ ಎಲೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಜಾರುತ್ತಿದ್ದ ಟವಲನ್ನು ಸರಿಮಾಡಿದಳು. ಸ್ವಲ್ಪ ಹೊತ್ತಿಗೆ ದಾರ ಸಡಿಲವಾಯಿತು. ವ್ಯಾಪಾರ ಕುದುರಿದ ಮೇಲೆ ಕೈ ಬಿಡಬೇಕು, ಅದು ಸಂತೆಯ ನಿಯಮ. ಅವಳು ಬಿಡಲಿಲ್ಲ. ನಿಯಮ ನೆನಪಿಸಿ ಬುದ್ಧಿ ಹೇಳಲು ನಾನೂ ಹೋಗಲಿಲ್ಲ.

ಹೊಸತೊಡಕಿನ ದಿನ ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎನ್ನುತ್ತಾರೆ. ನಡೆಯಲಿ.